ನಂಜುಂಡನಿಗೆ ಹೊತ್ತ ಹರಕೆ ಮತ್ತು ಕಿಡ್ನಿ ಕಸಿ

ಹಾಲಾಹಲವನ್ನು ಕಂಠದಲ್ಲೇ ತಡೆದವನು ನಂಜನಗೂಡಿನ ಶ್ರೀಕಂಠೇಶ್ವರ. ಟಿಪ್ಪುವಿನ ಆನೆಯ ಕಣ್ಣು ವಾಸಿಮಾಡಿ ಹಕೀಂ ನಂಜುಂಡ ಎನಿಸಿಕೊಂಡ ಎನ್ನುತ್ತಾರೆ. ಮೈಯೊಳಗಿನ ವಿಷ ಹೊರಹೋಗದೆ ಡಯಾಲಿಸಿಸ್ ಮೇಲೆ ದಿನ ದೂಡುವ ಹರೆಯದ ಮಕ್ಕಳಿಗಾಗಿ ಹೆತ್ತವರು ಅವನ ಬಾಗಿಲಿಗೇ ಬರುತ್ತಾರೆ. ಬರಲೇಬೇಕು. ಆದರೆ ಕಸಿಗೆ ದಿನ ಗೊತ್ತಾದ ಮೇಲೆ ಹರಕೆಯೇ ಮಗುವಿಗೆ ಕುತ್ತಾಗಬಾರದು.

ಶಿವರಾತ್ರಿಯ ಉಪವಾಸವೆಂದರೆ ಎಳನೀರು, ಬಾಳೆಹಣ್ಣು, ಖರ್ಜೂರ. ಕಿಡ್ನಿ ಸೋತವರಿಗೆ ಅನ್ನಕ್ಕಿಂತ ಇವೇ ಅಪಾಯ. ಒಂದು ಬಾಳೆಹಣ್ಣಿನಲ್ಲೇ ಸುಮಾರು 400 ಮಿ.ಗ್ರಾಂ ಪೊಟ್ಯಾಸಿಯಂ ಇರುತ್ತದೆ. ಅದು ಮೂತ್ರದಲ್ಲಿ ಹೋಗದೆ ರಕ್ತದಲ್ಲಿ ನಿಂತರೆ ಹೃದಯದ ಬಡಿತ ತಪ್ಪುತ್ತದೆ, ಕೆಲವೊಮ್ಮೆ ಯಾವ ಸೂಚನೆಯೂ ಇಲ್ಲದೆ. ಬಾಳೆದಿಂಡಿನ ರಸ, ಬಿಲ್ವದ ಕಷಾಯವೂ ಬೇಡ; ಬಿಲ್ವಪತ್ರೆ ಕಣ್ಣಿಗೊತ್ತಿಕೊಂಡರೆ ಸಾಕು. ತೀರ್ಥವೂ ದಿನದ ನೀರಿನ ಲೆಕ್ಕಕ್ಕೆ ಸೇರಬೇಕು. ಆ ಲೆಕ್ಕ ಸಾಮಾನ್ಯವಾಗಿ ಹಿಂದಿನ ದಿನದ ಮೂತ್ರದಷ್ಟು, ಮೇಲೆ 500 ಮಿ.ಲೀ. ಕಿಡ್ನಿ ಕೊಡಲಿರುವ ತಾಯಿಯೂ ನಿರ್ಜಲ ಉಪವಾಸ ಮಾಡಬಾರದು. ಮೈಯಲ್ಲಿ ನೀರು ಕಡಿಮೆಯಾದರೆ ಆಕೆಯ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ಅಳೆಯಲು ನೋಡುವ ತ್ಯಾಜ್ಯ) ಏರಿ, ಶಸ್ತ್ರಚಿಕಿತ್ಸೆ ಮುಂದೆ ಹೋಗಬಹುದು.

ಕುತ್ತಿಗೆಯಲ್ಲಿ ಡಯಾಲಿಸಿಸ್‌ಗೆಂದು ರಕ್ತನಾಳಕ್ಕಿಳಿಸಿದ ಕೊಳವೆ, ಕ್ಯಾತಿಟರ್, ಇದ್ದರೆ ಕಪಿಲೆಯಲ್ಲಿ ಮುಳುಗುವಂತಿಲ್ಲ. ಹೊಳೆಯ ನೀರು ಆ ಗಾಯಕ್ಕೆ ತಾಗಿದರೆ ಸೋಂಕು ನೇರ ರಕ್ತಕ್ಕಿಳಿಯುತ್ತದೆ. ಪಾದ ತೊಳೆಯಲಿ, ಸ್ನಾನವನ್ನು ಅಪ್ಪ ಮಾಡಲಿ. ಫಿಸ್ಟುಲಾ (ಡಯಾಲಿಸಿಸ್‌ಗೆಂದು ಅಪಧಮನಿ, ಅಭಿಧಮನಿಗಳನ್ನು ಬೆಸೆದ ಜಾಗ) ಇರುವ ಕೈಗೆ ಕಂಕಣ, ದಾರ ಬಿಗಿಯಬೇಡಿ. ಒತ್ತಡಕ್ಕೆ ರಕ್ತ ಹೆಪ್ಪುಗಟ್ಟಿ ಒಳಗಿನ ಗುಂಯ್‌ಗುಡುವ ಮಿಡಿತ ನಿಂತೀತು. ಡಯಾಲಿಸಿಸ್ ಆದ ದಿನ ಮುಡಿ ಕೊಡುವುದೂ ಬೇಡ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಟ್ಟಿದ್ದರೆ ಚಿಕ್ಕ ಗಾಯದ ರಕ್ತವೂ ಬೇಗ ನಿಲ್ಲದು.

ಹಾಗಾದರೆ ಹರಕೆಯ ಗತಿ? ನಮ್ಮ ಅಜ್ಜಿಯರ ಕಾಲದ ಮುಡಿಪು ಇದೆಯಲ್ಲ! ಬಿಳಿ ಬಟ್ಟೆಯ ತುಂಡನ್ನು ಅರಿಶಿನ ನೀರಿನಲ್ಲಿ ಅದ್ದಿ ಒಣಗಿಸಿ, ಒಂದು ನಾಣ್ಯವಿಟ್ಟು ಗಂಟು ಹಾಕಿ, ಬೇಡಿಕೆಯನ್ನು ಬಾಯಿಬಿಟ್ಟು ಹೇಳಿ ದೇವರ ಗೂಡಿನಲ್ಲಿಡುವುದು. ಸಂಕಲ್ಪ ಇಂದೇ, ಸೇವೆ ಮೈ ಒಪ್ಪಿದಾಗ. ರೋಗಿಯಿರುವ ಮನೆಗೆ ಇದಕ್ಕಿಂತ ವಿವೇಕದ ಆಚರಣೆ ಇನ್ನಿಲ್ಲ. ಈಗ ಮೊಬೈಲಿನಲ್ಲಿ ಸೇವೆಗೆ ಹಣ ಕಟ್ಟಿ ಮುಗಿಸುತ್ತೇವೆ. ಅರಿಶಿನದ ಗಂಟನ್ನು ನೋಡದ ಮಕ್ಕಳೇ ಎಷ್ಟೋ. ಆಸ್ಪತ್ರೆಗೆ ಹೊರಡುವ ಹಿಂದಿನ ಸಂಜೆ ಆ ಗಂಟನ್ನು ಮಗುವಿನ ಕೈಯಿಂದಲೇ ಮುಟ್ಟಿಸಿ. ಮರುದಿನ ಬೆಳಿಗ್ಗೆ ಹಣೆಗೆ ವಿಭೂತಿ ಸಾಕು, ತೀರ್ಥ ಬೇಡ. ಅರಿವಳಿಕೆಯಲ್ಲಿ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿಯಬಹುದು.

ಉರುಳು ಸೇವೆ ಹೊತ್ತವರು ಅದನ್ನು ಪ್ರದಕ್ಷಿಣೆಗೆ ಬದಲಿಸಿಕೊಳ್ಳಿ. ಹೊಸ ಕಿಡ್ನಿಯನ್ನು ಬೆನ್ನಿನಲ್ಲಲ್ಲ, ಕಿಬ್ಬೊಟ್ಟೆಯ ಒಂದು ಬದಿಯಲ್ಲಿ, ಚರ್ಮಕ್ಕೆ ಹತ್ತಿರವೇ ಕೂರಿಸುತ್ತಾರೆ. ಅದಕ್ಕೆ ಪಕ್ಕೆಲುಬಿನ ಕಾವಲಿಲ್ಲ. ಹಾಗಾಗಿ ದೊಡ್ಡ ಜಾತ್ರೆಯ ನೂಕುನುಗ್ಗಲು, ತೇರಿನ ಹಗ್ಗ ಎರಡರಿಂದಲೂ ದೂರವಿರಬೇಕು. ದೇಹ ಹೊಸ ಅಂಗವನ್ನು ತಿರಸ್ಕರಿಸದಂತೆ ಕೊಡುವ ಔಷಧ ರೋಗನಿರೋಧಕ ಶಕ್ತಿಯನ್ನೂ ತಗ್ಗಿಸುತ್ತದೆ. ಆದ್ದರಿಂದ ಹಸಿ ಹಾಲಿನ ಪಂಚಾಮೃತ ಬಿಟ್ಟು ಬಿಸಿ ಪೊಂಗಲ್ ಸ್ವೀಕರಿಸಲಿ.

ಮುಡಿಪು ಒಪ್ಪಿಸಲು ವೈದ್ಯರು ಒಪ್ಪಿದ ಮೇಲೆ, ಜನ ಕಡಿಮೆ ಇರುವ ದಿನ, ಮಾಸ್ಕ್ ಹಾಕಿಸಿ ಕರೆತನ್ನಿ. ಅಂಗ ತಿರಸ್ಕಾರ ತಡೆಯುವ ಟ್ಯಾಕ್ರೊಲಿಮಸ್ ಜೇಬಿನಲ್ಲೇ ಇರಲಿ. 12 ಗಂಟೆಗೊಮ್ಮೆಯ ಆ ಮಾತ್ರೆಯ ಹೊತ್ತು ಬಂದರೆ, ಮಂಗಳಾರತಿ ಆಗುತ್ತಿದ್ದರೂ ಮೊದಲು ನುಂಗಲಿ.