‘ಬರೀ ಬೈಬಲ್ ಸಾಕೇನ್ರೀ?’

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸುಸ್ತಾಗಿದೆ. ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ. ಹುಬ್ಬಳ್ಳಿ ಬಸ್ಸಿನಲ್ಲಿ ನಿಂತುಕೊಂಡೇ ಕೇಳಿದ್ದಾರೆ. ಅಪ್ಪನನ್ನು ಮಣ್ಣು ಮಾಡಿ ಬಂದ ದಿನ ಚಹಾ ಕಪ್ಪು ಹಿಡಿದು ಕೇಳಿದವರೂ ಇದ್ದಾರೆ. ಇನ್ನು ಮುಂದೆ ಯಾರೇ ಕೇಳಿದರೂ ಇದನ್ನೇ ಕಳಿಸುತ್ತೇನೆ, ಓದಿಕೊಳ್ಳಲಿ.

ನಾವು ಧಾರವಾಡದ ಪ್ರೊಟೆಸ್ಟೆಂಟ್ ಮನೆಯವರು. ಅಜ್ಜ ಅಜ್ಜಿ ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಶನ್ ಸಭೆಯವರು (ಸಭೆ ಅಂದರೆ ನಮ್ಮಲ್ಲಿ ಚರ್ಚು), ಈಗ ನಮ್ಮದು ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ. ನಾವು ಹೇಳುವುದು ಇಷ್ಟು: ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಹೊಂದುವುದಕ್ಕೆ, ದೇವರು ಮೆಚ್ಚುವ ಹಾಗೆ ಬದುಕುವುದಕ್ಕೆ ಏನು ತಿಳಿದಿರಬೇಕೋ ಅದೆಲ್ಲ ಸತ್ಯವೇದದಲ್ಲಿದೆ (ಬೈಬಲ್ಲಿಗೆ ನಾವು ಸತ್ಯವೇದ, ಶಾಸ್ತ್ರ, ವಾಕ್ಯ ಅಂತಲೂ ಅನ್ನುತ್ತೇವೆ). ಅದರಲ್ಲಿಲ್ಲದ್ದನ್ನು ತಂದು ‘ಇದನ್ನೂ ನಂಬಲೇಬೇಕು, ಇದನ್ನೂ ಮಾಡಲೇಬೇಕು’ ಅಂತ ನನ್ನ ಮನಸ್ಸಾಕ್ಷಿಯ ಮೇಲೆ ಹೇರುವ ಹಕ್ಕು ಯಾರಿಗೂ ಇಲ್ಲ. 1947ರಲ್ಲಿ ಬೇರೆಬೇರೆ ಸಭೆಗಳು ಕೂಡಿ ಸಿಎಸ್‌ಐ ಆದಾಗಲೂ ಇದನ್ನೇ ಒಪ್ಪಿ ಬರೆದರು. ರಕ್ಷಣೆಗೆ ಬೇಕಾದದ್ದೆಲ್ಲ ಶಾಸ್ತ್ರದಲ್ಲಿದೆ, ನಂಬಿಕೆಯ ವಿಷಯದಲ್ಲಿ ಅದರದ್ದೇ ಕೊನೆಯ ಮಾತು ಅಂತ.

ನನಗೆ ಸಿಟ್ಟು ಬರಿಸುವುದು ‘ಬರೀ’ ಅನ್ನುವ ಪದ. ಬರೀ ಅನ್ನ ತಿಂತೀಯಾ, ಸಾರು ಬೇಡ್ವಾ ಅಂತ ಕೇಳಿದ ಹಾಗೆ. 66 ಪುಸ್ತಕ ಇವೆ ಅದರಲ್ಲಿ. 119ನೇ ಕೀರ್ತನೆ ಒಂದರಲ್ಲೇ 176 ವಚನ. ಅಳುವವರಿದ್ದಾರೆ, ಜಗಳ ಆಡುವವರಿದ್ದಾರೆ, ದೇವರನ್ನೇ ‘ಇನ್ನೂ ಎಷ್ಟು ದಿನ?’ ಅಂತ ಕೇಳುವವರಿದ್ದಾರೆ. ಒಂದು ಸಲ ಪೂರ್ತಿ ಓದಿ ಬಂದು ‘ಬರೀ’ ಅನ್ನಿ, ಕೂತು ಮಾತಾಡೋಣ.

ಆಫೀಸಿನವರು ಕೇಳುವ ಧಾಟಿ ಬೇರೆ. ‘ಎಲ್ಲಕ್ಕೂ ಬೈಬಲ್ ಸಾಕು ಅಂತೀರಲ್ಲಕ್ಕಾ, ಮತ್ತೆ ಜ್ವರ ಬಂದ್ರೆ ಡಾಕ್ಟರ್ ಹತ್ರ ಯಾಕೆ ಹೋಗ್ತೀರಿ?’ ಎಲ್ಲಕ್ಕೂ ಅಂತ ನಾನು ಯಾವತ್ತೂ ಹೇಳಿಲ್ಲ. ಸಾಕು ಅಂದರೆ ಯಾವುದಕ್ಕೆ ಸಾಕು ಅಂತಲೂ ಕೇಳಬೇಕು, ಅಲ್ವಾ? ಮೋಟರು ಕೆಟ್ಟರೆ ರಿಪೇರಿ ಹೇಗೆ ಅಂತ ಅದರಲ್ಲಿ ಬರೆದಿಲ್ಲ. ಬರೆಯುವ ಉದ್ದೇಶವೂ ಇರಲಿಲ್ಲ. ಯೋಹಾನ ತನ್ನ ಸುವಾರ್ತೆಯ ಕೊನೆಯಲ್ಲಿ ಬಿಚ್ಚಿ ಹೇಳುತ್ತಾನೆ: ಯೇಸು ಮಾಡಿದ್ದು ಇನ್ನೂ ಬಹಳ ಇದೆ, ನಾನು ಎಲ್ಲ ಬರೆದಿಲ್ಲ, ಇಷ್ಟನ್ನು ಬರೆದದ್ದು ನೀವು ನಂಬಿ ಜೀವ ಪಡೆಯಲಿ ಅಂತ. ಶಾಸ್ತ್ರವೆಲ್ಲ ದೈವಪ್ರೇರಿತ, ದೇವರ ಮನುಷ್ಯನನ್ನು ಸಕಲ ಸತ್ಕಾರ್ಯಕ್ಕೆ ಸಿದ್ಧ ಮಾಡುತ್ತದೆ ಅಂತ ತನ್ನ ಶಿಷ್ಯ ತಿಮೊಥೆಯನಿಗೆ ಬರೆದ, ಯೇಸುವಿನ ಸಂದೇಶ ಸಾರಿದ ಅಪೊಸ್ತಲ ಪೌಲನೇ, ಅದೇ ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂತಲೂ ಬರೆಯುತ್ತಾನೆ. ಜೊತೆಗಾರ ತ್ರೊಫಿಮನಿಗೆ ಹುಷಾರಿಲ್ಲ, ಅವನನ್ನು ಮಿಲೇತದಲ್ಲೇ ಬಿಟ್ಟು ಬಂದೆ ಅನ್ನುತ್ತಾನೆ. ಅವನ ಜೊತೆ ಓಡಾಡಿದ ಲೂಕ ವೈದ್ಯ. ಹಾಗಾಗಿ ನಾನು ಡಾಕ್ಟರ ಹತ್ತಿರ ಹೋಗುವುದು ಬೈಬಲ್ಲಿಗೆ ವಿರುದ್ಧವಾಗಿ ಅಲ್ಲ. 1646ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಲ್ಲಿ ಕೂತು ತಮ್ಮ ನಂಬಿಕೆ ಏನು ಅಂತ ಹೇಳುವ ‘ನಂಬಿಕೆಯ ಅರಿಕೆ’ಯನ್ನು ಬರೆದು ಮುಗಿಸಿದ ಪ್ರೊಟೆಸ್ಟೆಂಟರು ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟಿನ ಜನ. ಅವರೂ ಕೂಡ, ಆರಾಧನೆಯ ಸಣ್ಣಪುಟ್ಟ ಏರ್ಪಾಡುಗಳಿಗೆ ವಿವೇಕ ಬಳಸಿ ಅಂತ ಬಿಟ್ಟುಕೊಟ್ಟಿದ್ದಾರೆ. ಆರಾಧನೆ ಎಂಟಕ್ಕೋ ಒಂಬತ್ತಕ್ಕೋ ಅಂತ ವಚನ ಹುಡುಕಬೇಕಾಗಿಲ್ಲ.

ನನ್ನ ಕ್ಯಾಥೊಲಿಕ್ ಗೆಳತಿಯ ಪ್ರಶ್ನೆಗೆ ತೂಕ ಜಾಸ್ತಿ. ‘ಈ ಪುಸ್ತಕಗಳು ದೇವರ ವಾಕ್ಯ ಅಂತ ನಿಂಗೆ ಹೇಳಿದ್ದು ಸಭೆ ತಾನೇ? ಹಾಗಿದ್ರೆ ಸಭೆಯ ಸಂಪ್ರದಾಯ ಯಾಕೆ ಬೇಡ?’ ಇದು ಹಳೆಯ ಜಗಳ. 1521ರಲ್ಲಿ ಜರ್ಮನಿಯ ವರ್ಮ್ಸ್‌ ಊರಿನ ರಾಜಸಭೆಯಲ್ಲಿ ಚಕ್ರವರ್ತಿಯ ಮುಂದೆ ನಿಂತ, ಪ್ರೊಟೆಸ್ಟೆಂಟ್ ಚಳವಳಿ ಶುರುಮಾಡಿದ ಮಾರ್ಟಿನ್ ಲೂಥರ್, ಪೋಪರೂ ಸಭಾಕೂಟಗಳೂ ತಪ್ಪಿದ್ದುಂಟು, ಶಾಸ್ತ್ರದಿಂದಲೋ ಸ್ಪಷ್ಟ ಕಾರಣದಿಂದಲೋ ತೋರಿಸಿಕೊಟ್ಟರೆ ಮಾತ್ರ ಮಾತು ಹಿಂದೆ ತಗೊಳ್ಳುತ್ತೇನೆ ಅಂದ. 1546ರಲ್ಲಿ ಟ್ರೆಂಟ್‌ನಲ್ಲಿ ಕೂಡಿದ ಕ್ಯಾಥೊಲಿಕ್ ಸಭಾಕೂಟ, ಶಾಸ್ತ್ರಕ್ಕೂ ಅಪೊಸ್ತಲರಿಂದ ಬಂದ ಸಂಪ್ರದಾಯಕ್ಕೂ ಸಮಾನ ಗೌರವ ಅಂತ ತೀರ್ಮಾನಿಸಿತು. ನಾನು ಗೆಳತಿಗೆ ಹೇಳುವುದು: ಅಕ್ಕಸಾಲಿಗ ಒರೆಗೆ ಹಚ್ಚಿ ಇದು ಚಿನ್ನ ಅನ್ನುತ್ತಾನೆ. ಅವನು ಹೇಳಿದ್ದರಿಂದ ಅದು ಚಿನ್ನ ಆಗಲಿಲ್ಲ. ನಮ್ಮಲ್ಲೂ ಆರಾಧನಾ ಕ್ರಮ ಇದೆ, ಹಿರಿಯರ ರೂಢಿ ಇದೆ, ಅವುಗಳ ಮೇಲೆ ನನಗೆ ಪ್ರೀತಿಯೂ ಇದೆ. ಆದರೆ ಅವನ್ನೂ ಒರೆಗೆ ಹಚ್ಚಬೇಕು. ಅವಳು ಒಪ್ಪುವುದಿಲ್ಲ. ನಾನೂ ಬಿಡುವುದಿಲ್ಲ. ಆಮೇಲೆ ಇಬ್ಬರೂ ಮಿರ್ಚಿ ತಿನ್ನುತ್ತೇವೆ.

ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ವಾಕ್ಯ ಸಾಕು ಅಂತ ನಂಬಿದವರು ಅದನ್ನು ಮನೆಮಾತಿಗೆ ತರಲೇಬೇಕಾಗುತ್ತದೆ. ಓದಲು ಬಾರದ ಭಾಷೆಯಲ್ಲಿದ್ದರೆ ಯಾರಿಗೆ ಸಾಕು? ಲೂಥರ್ 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಯಲ್ಲಿ ಕೊಟ್ಟ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಅನುವಾದಕ್ಕೆ ಕೂತ. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ನಮ್ಮಜ್ಜಿ ಶಾಲೆಗೆ ಹೋದದ್ದು ನಾಲ್ಕೇ ವರ್ಷ. ಆದರೂ ಪಾಸ್ಟರ್ ತಪ್ಪು ವಚನ ಹೇಳಿದರೆ ಕೂತಲ್ಲಿಂದಲೇ ತಿದ್ದುತ್ತಿದ್ದಳು.

ಇಷ್ಟು ಹೊರಗಿನವರಿಗೆ. ನನ್ನ ನಿಜವಾದ ಜಗಳ ಇರುವುದು ಒಳಗಿನವರ ಜೊತೆ. ‘ಬರೀ ಪುಸ್ತಕ ಓದ್ಕೊಂಡು ಕೂತ್ರೆ ಹೆಂಗ್ರೀ? ದೇವರು ಇವತ್ತು ಮಾತಾಡೋದಿಲ್ಲೇನು? ಹೊಸ ಪ್ರಕಟಣೆ ಬೇಡೇನು?’ ಅಂತ ನಮ್ಮ ಜನರೇ ಕೇಳಿದಾಗ ನನಗೆ ಒಂದು ಬಾಟಲಿ ಕಣ್ಣ ಮುಂದೆ ಬರುತ್ತದೆ.

ಕೆಮ್ಮಿನ ಔಷಧದ ಬಾಟಲಿ ಅದು. ಮೇಲಿನ ಚೀಟಿ ಕಿತ್ತಿದ್ದರು, ಅಂಟು ಮಾತ್ರ ಉಳಿದಿತ್ತು. ಬೆರಳಿಗೆ ಹತ್ತುತ್ತಿತ್ತು. ಒಳಗೆ ಅರ್ಧದವರೆಗೆ ಹಳದಿ ಎಣ್ಣೆ.

ಅಕ್ಕನಿಗೆ ಎರಡನೇ ಸಲ ಐದನೇ ತಿಂಗಳಲ್ಲಿ ಮಗು ಹೋಗಿತ್ತು. ಮನೆಯಲ್ಲಿ ಪ್ರಾರ್ಥನೆ ಕೂಟ ಇಟ್ಟಿದ್ದೆವು. ಬೇರೆ ಊರಿನಿಂದ ಒಬ್ಬ ದೇವಸೇವಕರು ಬಂದಿದ್ದರು. ಪ್ರವಾದನೆಯ ವರ, ಅಂದರೆ ದೇವರು ತೋರಿಸಿದ್ದನ್ನು ಹೇಳುವ ಶಕ್ತಿ, ಇದೆ ಅಂತ ಹೆಸರು. ಹಾಡು ಮುಗಿಯಿತು. ಅವರು ಕಣ್ಣು ಮುಚ್ಚಿ, ಅಕ್ಕನ ತಲೆ ಮೇಲೆ ಕೈ ಇಟ್ಟು, ‘ಈ ಮನೆತನದಲ್ಲಿ ಶಾಪ ಅದ ಅಂತ ಕರ್ತನು ತೋರಿಸ್ತಿದ್ದಾನೆ. ಅಜ್ಜನ ಕಾಲದ್ದು’ ಅಂದರು. 21 ದಿನ ಉಪವಾಸ ಪ್ರಾರ್ಥನೆ, ಹೊಟ್ಟೆಗೂ ಹೊಸ್ತಿಲಿಗೂ ಈ ಎಣ್ಣೆ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೂಟಕ್ಕೆ ಬಂದವರೆಲ್ಲ ಸ್ತೋತ್ರ, ಸ್ತೋತ್ರ ಅಂದರು. ನಾನೂ ಅಂದೆ. ಅದು ಇವತ್ತಿಗೂ ಚುಚ್ಚುತ್ತದೆ.

ಅಕ್ಕನಿಗೆ ಆಗಲೇ ರಕ್ತ ಕಡಿಮೆ ಇತ್ತು. ಕಬ್ಬಿಣದ ಗುಳಿಗೆ ನುಂಗು, ಚೆನ್ನಾಗಿ ಊಟ ಮಾಡು ಅಂತ ಡಾಕ್ಟರು ಹೇಳಿ ಕಳಿಸಿದ್ದರು. ಅವಳು ಗುಳಿಗೆ ಬಿಟ್ಟಳು, ಊಟ ಬಿಟ್ಟಳು. ಒಂಬತ್ತನೇ ದಿನ ನಳದ ಹತ್ತಿರ ಕೊಡ ಹಿಡಿದವಳು ಹಾಗೇ ಬಿದ್ದಳು.

ಅವತ್ತು ಸಂಜೆ ನಮ್ಮ ಹಳೆಯ ಪಾಸ್ಟರ್ ಅಯ್ಯನವರು ಬಂದರು. ಸೇವೆಯಿಂದ ನಿವೃತ್ತರಾಗಿ ಬಹಳ ವರ್ಷವಾಗಿತ್ತು. ಬೈಬಲ್ಲಿಗೆ ಕಂದು ಕಾಗದದ ಹೊದಿಕೆ, ಬೆನ್ನಿಗೆ ಬಿಳಿ ದಾರದ ಹೊಲಿಗೆ, ಜೇಬಿನಲ್ಲಿ ಒಂದು ಭೂತಗನ್ನಡಿ. ಅವ್ವ ಎಲ್ಲ ಹೇಳಿದಳು. ಅವರು ಕೇಳಿದ್ದು ಒಂದೇ.

‘ಎಲ್ಲಿ ಬರದೈತವ್ವಾ? ತೋರಸು ನೋಡೋಣು.’

ಅವ್ವ ತೋರಿಸಿದಳು. ಅವಳಿಗೆ ವಚನ ಗೊತ್ತಿತ್ತು. ವಿಮೋಚನಕಾಂಡ 20, ತಂದೆಗಳ ದೋಷದ ಫಲ ಮಕ್ಕಳ ಮೇಲೆ, ಮೂರು ನಾಲ್ಕು ತಲೆಗಳವರೆಗೆ. ಅಯ್ಯನವರು ಭೂತಗನ್ನಡಿಯನ್ನು ಆ ಸಾಲಿನ ಮೇಲೆ ಇಟ್ಟು, ನಮ್ಮ ಬೆರಳು ದಾಟಿಹೋಗಿದ್ದ ಪದದ ಮೇಲೆ ನಿಲ್ಲಿಸಿದರು: ‘ನನ್ನನ್ನು ದ್ವೇಷಿಸುವವರ’. ‘ನಿನ್ನ ಮಗಳು ದೇವರನ್ನ ದ್ವೇಷ ಮಾಡ್ತಾಳೇನು?’ ಆಮೇಲೆ ಮುಂದಿನ ವಚನ ಓದಿಸಿದರು. ಪ್ರೀತಿಸುವವರಿಗೆ ಸಾವಿರ ತಲೆಗಳವರೆಗೆ ದಯೆ. ಆಮೇಲೆ ಯೆಹೆಜ್ಕೇಲ 18. ಅಪ್ಪ ಹುಳಿ ದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿತು ಅನ್ನುವ ಗಾದೆಯನ್ನು ಇನ್ನು ಆಡಬೇಡಿ, ಅಪ್ಪನ ಪಾಪವನ್ನು ಮಗ ಹೊರುವುದಿಲ್ಲ ಅಂತ ದೇವರೇ ಹೇಳುತ್ತಾನೆ ಅಲ್ಲಿ. ಆಮೇಲೆ ಯೋಹಾನ 9. ಹುಟ್ಟುಕುರುಡನನ್ನು ನೋಡಿ, ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ ಅಂತ ಶಿಷ್ಯರು ಕೇಳುತ್ತಾರೆ. ಇವನೂ ಅಲ್ಲ, ತಂದೆತಾಯಿಯೂ ಅಲ್ಲ ಅನ್ನುತ್ತಾನೆ ಯೇಸು.

ಅಕ್ಕ ಮಲಗಿದ್ದಲ್ಲಿಂದಲೇ, ‘ಅದನ್ನ ಇನ್ನೊಮ್ಮೆ ಓದ್ರಿ’ ಅಂದಳು. ಅಯ್ಯನವರು ಓದಿದರು. ಆಮೇಲೆ ಅವ್ವನ ಕಡೆ ತಿರುಗಿ, ‘ಗಂಜಿ ಕೊಡವಾ ಅಕಿಗೆ. ನಾಳೆ ಡಾಕ್ಟರ್ ಕಡೆ ಕರ್ಕೊಂಡು ಹೋಗ್ರಿ’ ಅಂದರು. ಮರುದಿನ ರಕ್ತ ಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ತೊಂದರೆಯೂ ಇರುವುದು ಗೊತ್ತಾಯಿತು. ಇಷ್ಟು ದಿನ ಯಾರೂ ನೋಡಿರಲಿಲ್ಲ.

ಯಾಕೋಬನ ಪತ್ರದಲ್ಲಿ ಎಣ್ಣೆ ಹಚ್ಚುವ ಮಾತಿಲ್ವಾ ಅಂತ ಕೇಳುತ್ತೀರಿ. ಇದೆ. ರೋಗಿ ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಅಂತಿದೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅಜ್ಜನ ಶಾಪ ಅಲ್ಲಿಲ್ಲ, ಹೊಸ್ತಿಲು ಅಲ್ಲಿಲ್ಲ, ರಕ್ತ ಕಡಿಮೆ ಇರುವ ಹೆಂಗಸಿಗೆ 21 ದಿನದ ಉಪವಾಸವೂ ಅಲ್ಲಿಲ್ಲ. ಇಲ್ಲದ್ದನ್ನು ‘ಕರ್ತನು ತೋರಿಸಿದ’ ಅಂದುಬಿಟ್ಟರೆ ಒರೆಗೆ ಹಚ್ಚುವುದು ಹೇಗೆ? ಆ ಮನುಷ್ಯ ತಪ್ಪಿದ್ದರೆ ಹೇಳುವವರು ಯಾರು? ಸತ್ಯವೇದವಾದರೆ ಎಲ್ಲರ ಕೈಯಲ್ಲೂ ಇದೆ. ಬೆರೋಯ ಅನ್ನುವ ಊರಿನವರು ಪೌಲನ ಮಾತನ್ನೇ ಪ್ರತಿದಿನ ಶಾಸ್ತ್ರ ತೆಗೆದು ಪರೀಕ್ಷಿಸಿದರು. ಪುಸ್ತಕ ಅದಕ್ಕಾಗಿ ಅವರನ್ನು ಹೊಗಳುತ್ತದೆ.

ಕನ್ನಡದಲ್ಲಿ ಹೊಟ್ಟೆ ತುಂಬಿದವರೂ ‘ಸಾಕು’ ಅನ್ನುತ್ತಾರೆ. ಹೊಡೆಯುವವನ ಕೈ ಹಿಡಿದವರೂ ‘ಸಾಕು’ ಅನ್ನುತ್ತಾರೆ. ವಾಕ್ಯ ಸಾಕು ಅಂತ ನಾನು ಹೇಳುವಾಗ ಎರಡೂ ಅರ್ಥದಲ್ಲಿ ಹೇಳುತ್ತೇನೆ.

ಹಾಗಂತ ಬೈಬಲ್ಲಿನ ವಚನವನ್ನೇ ಕತ್ತರಿಸಿಟ್ಟುಕೊಂಡರೂ ಆಗುವುದಿಲ್ಲ. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ನಮ್ಮಲ್ಲಿ ಒಂದೊಂದು ವಚನ ಬರೆದ ವಾಗ್ದಾನದ ಕಾರ್ಡು ಎತ್ತುತ್ತಾರೆ, ಅದು ಆ ವರ್ಷಕ್ಕೆ ದೇವರ ಮಾತು ಅಂತ. ಆ ವರ್ಷ ಅಕ್ಕನಿಗೆ ಬಂದದ್ದು ಕೀರ್ತನೆ 113: ಬಂಜೆಯನ್ನು ಮಕ್ಕಳ ತಾಯಿಯಾಗಿ ಮಾಡುತ್ತಾನೆ. ಅಕ್ಕಪಕ್ಕದವರು ಬಂದು ತಬ್ಬಿಕೊಂಡರು, ನೋಡು, ಈ ವರ್ಷ ನಿಂಗೆ ಆಗೇ ಆಗುತ್ತೆ ಅಂದರು. ಆಗಲಿಲ್ಲ. ಗುಳಿಗೆ ತಗೊಂಡಳು, ಪ್ರಾರ್ಥನೆ ಮಾಡಿದೆವು, ಆಗಲಿಲ್ಲ. ಆ ಕೀರ್ತನೆ ದೀನರನ್ನು ಎತ್ತುವ ದೇವರನ್ನು ಕೊಂಡಾಡುತ್ತದೆ. ಧಾರವಾಡದ ಒಬ್ಬ ಹೆಂಗಸಿಗೆ ತಾರೀಖು ಕೊಡುತ್ತಿಲ್ಲ. ಸಾಕಾಗುವುದು ಇಡೀ ಪುಸ್ತಕ, ಕಾರ್ಡು ಅಲ್ಲ.

ಯಾರಾದರೂ ನನ್ನನ್ನು ಇದನ್ನು ಕೇಳಬೇಕಿತ್ತು: ‘ಮಗು ಹೋದ ರಾತ್ರಿ ಅದು ಸಾಕಾಯ್ತಾ?’ ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಆಸ್ಪತ್ರೆಯಿಂದ ಬಂದ ರಾತ್ರಿ ಎಲ್ಲರೂ ಸಮಾಧಾನ ಹೇಳಿ ಹೋದ ಮೇಲೆ ಅಕ್ಕ ಬೈಬಲ್ ಕೇಳಿದಳು. ನಾನು ಸಮಾಧಾನ ಹೇಳುವ 23ನೇ ಕೀರ್ತನೆ ತೆಗೆದೆ. ಬೇಡ, ಅದಲ್ಲ ಅಂದಳು. ಪುಟ ತಿರುಗಿಸುತ್ತಾ ಹೋಗಿ 88ಕ್ಕೆ ನಿಂತೆವು. ಇಡೀ ಕೀರ್ತನೆ ಅಳು. ಬೇರೆ ಕೀರ್ತನೆಗಳ ಹಾಗೆ ಕೊನೆಯಲ್ಲಿ ಬೆಳಕಿಗೆ ಬರುವುದೂ ಇಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಅಕ್ಕ ಅದನ್ನು ಮೂರು ಸಲ ಓದಿಸಿದಳು. ‘ಇದನ್ನೂ ಒಳಗ ಇಟ್ಟಾನಲ್ಲ’ ಅಂದಳು. ಮನೆಗೆ ಬಂದವರೆಲ್ಲ ಅವಳಿಗೆ ಅಳಬೇಡ ಅಂದಿದ್ದರು. ದೇವರು ಮಾತ್ರ ಅಳುವುದಕ್ಕೆ ಮಾತು ಬರೆಸಿ ಇಟ್ಟಿದ್ದ. ಸಾಕಾಯ್ತು. ಹೌದು, ಅವತ್ತು ಸಾಕಾಯ್ತು.

ಅಯ್ಯನವರ ಬಗ್ಗೆ ಇನ್ನೊಂದು ಹೇಳಬೇಕು. ಅವರು ಆಗೊಮ್ಮೆ ಈಗೊಮ್ಮೆ ಪ್ರಸಂಗಕ್ಕೆ ನಿಲ್ಲುತ್ತಿದ್ದರು. ಒಂದು ಭಾನುವಾರ, ಹೆಣ್ಣುಮಕ್ಕಳು ಹೂ ಮುಡಿದು ದೇವರ ಮುಂದೆ ಬರುವುದು ತರವಲ್ಲ ಅಂದರು. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಕೈ ಕುಲುಕುವಾಗ ನಾನು ಕೇಳಿಯೇ ಬಿಟ್ಟೆ, ‘ಎಲ್ಲಿ ಬರದೈತ್ರಿ, ಅಯ್ಯನವರೆ?’ ಹಿಂದಿದ್ದವರು ಗಾಬರಿಯಾದರು. ಅವರು ನನ್ನ ಕೈ ಬಿಡದೆ ಸ್ವಲ್ಪ ಹೊತ್ತು ನಿಂತರು. ‘ನೋಡ್ತೀನವಾ’ ಅಂದರು.

ಮುಂದಿನ ಸಲ ಪ್ರಸಂಗಕ್ಕೆ ನಿಂತಾಗ ಮೊದಲ ಮಾತೇ ಅದು. ಜಡೆ ಹೆಣೆದು ಬಂಗಾರ ಹೇರಿಕೊಂಡು ಬೀಗಬೇಡಿ ಅಂತ ಪೇತ್ರನೂ ಪೌಲನೂ ಬರೆದಿದ್ದಾರೆ, ಅದು ನಿಜ ಅಂದರು. ‘ಹೂವಿನ ಮಾತು ಮಾತ್ರ ನಂದು. ವಾಕ್ಯದಾಗ ಇಲ್ಲ. ಮುಡಕೊಳ್ಳೋರು ಮುಡಕೊಳ್ರಿ.’

ಅದರ ಮುಂದಿನ ಭಾನುವಾರ ಅಕ್ಕ ಮಾರ್ಕೆಟ್ಟಿನಿಂದ ಒಂದು ಮೊಳ ಮಲ್ಲಿಗೆ ತರಿಸಿದಳು. ಎರಡು ವರ್ಷದ ಮೇಲೆ ಮೊದಲ ಸಲ. ಅರ್ಧ ಕತ್ತರಿಸಿ ನನಗೆ ಕೊಟ್ಟಳು.