ರಾತ್ರಿಯಿಲ್ಲದ ಗ್ರಹದ ಹುಡುಗ

ನಮ್ಮ ತಲೆಮಾರಿನವರು ಊರಿನಲ್ಲಿ ಕಾರ್ಟೂನ್ ನೆಟ್‌ವರ್ಕ್ ಹಚ್ಚಿಕೊಂಡು ನೋಡುತ್ತಿದ್ದ ‘ಡ್ರ್ಯಾಗನ್ ಬಾಲ್ ಜೆಡ್’ ಜಪಾನಿನಲ್ಲಿ 1989ರಿಂದ 1996ರವರೆಗೆ ಪ್ರಸಾರವಾದ ಸರಣಿ. ಅದರ ಮೂಲ ಕರ್ತೃ ಅಕಿರಾ ತೊರಿಯಾಮ ನಾನೀಗ ನೆಲೆಸಿರುವ ಐಚಿ ಪ್ರಾಂತ್ಯದವರೇ ಆಗಿದ್ದರಿಂದ, 2024ರ ಮಾರ್ಚಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂದ ಮೇಲೆ ಇಲ್ಲಿ ಆ ಸರಣಿಯನ್ನು ಮೊದಲಿನಿಂದ ನೋಡತೊಡಗಿದೆ. ಈ ಸಲ ಮನಸ್ಸಿನಲ್ಲಿ ಉಳಿದವನು ಡೆಂಡೆ.

ಡೆಂಡೆ ನಾಮೆಕ್ ಗ್ರಹದ ಹಸಿರು ಮೈಯ ಮಗು. ಮೂವರು ಸೂರ್ಯರಿರುವ ಆ ಗ್ರಹದಲ್ಲಿ ರಾತ್ರಿಯೆಂಬುದೇ ಇಲ್ಲ. ಗ್ರಹಗಳನ್ನು ಆಕ್ರಮಿಸುವ ದುಷ್ಟ ದೊರೆ ಫ್ರೀಜಾನ ಪಡೆ ಹಳ್ಳಿಗೆ ನುಗ್ಗಿ ಹಿರಿಯರನ್ನೂ ಕಾರ್ಗೋ ಎಂಬ ಇನ್ನೊಂದು ಮಗುವನ್ನೂ ಕೊಂದಾಗ, ಭೂಮಿಯಿಂದ ಬಂದಿದ್ದ, ಕಥಾನಾಯಕ ಗೋಕುವಿನ ಮಗ ಗೋಹಾನ್ ಅಡ್ಡ ಬಂದದ್ದರಿಂದ ಇವನೊಬ್ಬ ಬದುಕುತ್ತಾನೆ. ಹೊಡೆದಾಟ ಬಾರದ ಇವನಿಗೆ ಒಲಿಯುವುದು ಗಾಯ ಮಾಯಿಸುವ ಶಕ್ತಿ. ತನ್ನವರ ಹಳ್ಳಿಯೊಂದನ್ನು ನಿರ್ನಾಮ ಮಾಡಿದ, ಈಗ ಫ್ರೀಜಾನ ವಿರುದ್ಧ ತಿರುಗಿಬಿದ್ದಿರುವ ಯೋಧ ವೆಜಿಟಾ ಸಾಯುವ ಸ್ಥಿತಿಯಲ್ಲಿ ಬಿದ್ದಿರುವಾಗ ಡೆಂಡೆ ಮೊದಲು ಒಪ್ಪುವುದೇ ಇಲ್ಲ. ಫ್ರೀಜಾನನ್ನು ಎದುರಿಸಲು ಬೇರೆ ದಾರಿಯಿಲ್ಲವೆಂದಾದ ಮೇಲಷ್ಟೇ ಎರಡೂ ಅಂಗೈಗಳನ್ನು ಗಾಯದ ಮೇಲೆ ಚಾಚುತ್ತಾನೆ. ಸ್ಫೋಟಗಳಿಗೆ ಲೆಕ್ಕವೇ ಇಲ್ಲದ ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಆ ಹಿಂಜರಿಕೆ. ಫ್ರೀಜಾನೇನೂ ದಡ್ಡನಲ್ಲ: ಕೊನೆಯ ರೂಪ ತಳೆದ ಕೂಡಲೇ ಅವನು ಮೊದಲು ಕೊಲ್ಲುವುದು ಡೆಂಡೆಯನ್ನು.

ಮತ್ತೆ ಜೀವ ಪಡೆದರೂ ಡೆಂಡೆಗೆ ಊರು ಉಳಿದಿರುವುದಿಲ್ಲ. ನಾಮೆಕ್ ಸಿಡಿದುಹೋಗುತ್ತದೆ, ಅಲ್ಲಿನವರು ಕೆಲಕಾಲ ಭೂಮಿಯಲ್ಲಿ, ಗೋಕುವಿನ ಗೆಳತಿ ಬುಲ್ಮಾಳ ಮನೆಯಲ್ಲಿ ಆಶ್ರಯ ಪಡೆದು ಹೊಸ ಗ್ರಹವೊಂದಕ್ಕೆ ಹೋಗುತ್ತಾರೆ. ಅಲ್ಲಿ ನೆಲೆ ನಿಂತ ಮೇಲೆ ಗೋಕು ಬಂದು ಈ ಹುಡುಗನನ್ನು ಭೂಮಿಗೆ ಕರೆದೊಯ್ಯುತ್ತಾನೆ, ಏಕೆಂದರೆ ಭೂಮಿಯ ಕಾವಲುದೇವರು ಪಿಕೊಲೊ ಎಂಬ ಯೋಧನೊಂದಿಗೆ ಒಂದಾಗಿಬಿಟ್ಟಿದ್ದರಿಂದ, ಅವನು ರೂಪಿಸಿದ್ದ ಡ್ರ್ಯಾಗನ್ ಬಾಲ್‌ಗಳು, ಅಂದರೆ ಏಳೂ ಒಟ್ಟುಗೂಡಿದರೆ ವರ ಕೊಡುವ ಡ್ರ್ಯಾಗನ್ ಪ್ರತ್ಯಕ್ಷವಾಗುವ ಮಾಯಾ ಗೋಳಗಳು, ಇಲ್ಲವಾಗಿರುತ್ತವೆ. ಹೀಗೆ ಒಂದು ಮಗು ತನ್ನವರನ್ನೆಲ್ಲ ಬಿಟ್ಟು, ಪರರ ಗ್ರಹದ ದೇವರ ಹುದ್ದೆಗೆ ಸೇರುತ್ತದೆ. ನಾಮೆಕ್‌ನವರು ನೀರು ಕುಡಿದೇ ಬದುಕುವವರಾದ್ದರಿಂದ, ಕರಿಬೇವಿಗಾಗಿ ಅಂಗಡಿ ಅಂಗಡಿ ಅಲೆಯುವ ನಮ್ಮ ಪಾಡು ಅವನಿಗಿಲ್ಲ ಎನ್ನುವುದೇನೋ ನಿಜ. ಆದರೆ ಕತ್ತಲೆಯನ್ನೇ ಕಾಣದೆ ಹುಟ್ಟಿದವನು ಇಲ್ಲಿನ ರಾತ್ರಿಗಳಿಗೆ ಹೇಗೆ ಒಗ್ಗಿಕೊಂಡ, ಅವನಿಗೆ ಊರು ನೆನಪಾಗುತ್ತಿತ್ತೇ ಎಂಬುದರ ಗೋಜಿಗೆ ಸರಣಿ ಹೋಗುವುದೇ ಇಲ್ಲ. ಅವನು ಹೊಸದಾಗಿ ರೂಪಿಸಿದ ಡ್ರ್ಯಾಗನ್ ಈಗ ಒಂದರ ಬದಲು ಎರಡು ವರ ಕೊಡುತ್ತದೆ. ಮೊದಲನೆಯದರಿಂದ ಸೆಲ್ ಎಂಬ ಖಳ ಕೊಂದವರು ಬದುಕಿ ಬರುತ್ತಾರೆ, ಎರಡನೆಯದನ್ನು ಗೋಕುವಿನ ಗೆಳೆಯ ಕ್ರಿಲಿನ್ ತಾನು ಮೆಚ್ಚಿದ ಹುಡುಗಿ ಮತ್ತು ಅವಳ ತಮ್ಮನ ಒಡಲಿನ ಬಾಂಬ್ ತೆಗೆಸಲು ಬಳಸುತ್ತಾನೆ. ಡೆಂಡೆಗೆ ಏನು ಬೇಕೆಂದು ಅಲ್ಲಿದ್ದವರಲ್ಲಿ ಒಬ್ಬರೂ ಕೇಳುವುದಿಲ್ಲ.