ಪೇ ಬಟನ್ ಹಾಕಿದ್ರೆ ಸಾಕಾ?

‘ನಮ್ಮ ವೆಬ್‌ಸೈಟ್‌ನಲ್ಲೇ ಸಾಫ್ಟ್‌ವೇರ್ ಮಾರಬೇಕು ಸರ್. ಒಂದು ಪೇ ಬಟನ್ ಹಾಕಿಕೊಡಿ, ಎಷ್ಟಾಗುತ್ತೆ?’ ಸಣ್ಣ ಕಂಪನಿಗಳಿಗೆ ವೆಬ್‌ಸೈಟ್ ಮಾಡಿಕೊಡುವ ನನಗೆ ಈ ಫೋನ್ ಬರುತ್ತಲೇ ಇರುತ್ತದೆ. ಬಟನ್ ಹಾಕೋದು ದೊಡ್ಡ ಕೆಲಸವಲ್ಲ. ಗಿರಾಕಿ ದುಡ್ಡು ಕಟ್ಟಿದ ಮೇಲಿನ ಎರಡು ನಿಮಿಷದಲ್ಲಿ ಏನೇನಾಗಬೇಕು ಅಂತ ಯೋಚಿಸಿದ್ದೀರಾ ಅನ್ನೋದು ನನ್ನ ಮರುಪ್ರಶ್ನೆ.

ಒಂದು ಉದಾಹರಣೆ ಇಟ್ಕೊಳ್ಳೋಣ. ಶಿರಸಿಯಲ್ಲಿ ನಾಲ್ಕೈದು ಜನರ ಕಂಪನಿ, ಅಡಿಕೆ ಮಂಡಿಯ ಲೆಕ್ಕಕ್ಕೆ ಸಾಫ್ಟ್‌ವೇರ್ ಮಾಡಿದೆ. ಈಗ ಮಾರಾಟ ಅಂದರೆ ಫೋನು, ಡೆಮೊ, ದುಡ್ಡು ಹಾಕಿದ ಸ್ಕ್ರೀನ್‌ಶಾಟ್, ಆಮೇಲೆ ವಾಟ್ಸಾಪ್‌ನಲ್ಲಿ ಲೈಸೆನ್ಸ್ ಕೀ, ಅಂದರೆ ಸಾಫ್ಟ್‌ವೇರ್ ಚಾಲೂ ಮಾಡುವ ಕೋಡ್. ಬೆಲೆ 6,000 ರೂಪಾಯಿ, 18% ಜಿಎಸ್‌ಟಿ ಸೇರಿ 7,080.

ಮೊದಲು ಆ ಬೆಲೆಯನ್ನು ಸೈಟ್‌ನಲ್ಲಿ ಬರೆಯಿರಿ. ‘ಬೆಲೆಗೆ ಕರೆ ಮಾಡಿ’ ಅಂತ ಹಾಕಿಕೊಂಡು ಆನ್‌ಲೈನ್ ಮಾರಾಟ ಬೇಕು ಅನ್ನುವವರು ಎಷ್ಟು ಜನ ಗೊತ್ತಾ!

ಗಿರಾಕಿಯ ದುಡ್ಡನ್ನು ಆನ್‌ಲೈನ್‌ನಲ್ಲಿ ಪಡೆದು ನಿಮಗೆ ತಲುಪಿಸುವ ಪೇಮೆಂಟ್ ಗೇಟ್‌ವೇ ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಡಿ. ರೇಜರ್‌ಪೇ, ಕ್ಯಾಶ್‌ಫ್ರೀ, ಪೇಯು, ಸಿಸಿ ಅವೆನ್ಯೂ, ಇಷ್ಟು ಸಣ್ಣ ವ್ಯಾಪಾರಕ್ಕೆ ಯಾವುದಾದರೂ ನಡೆಯುತ್ತದೆ. ಕಾರ್ಡಿನ ಮೇಲೆ ಅವರ ಶುಲ್ಕ 2% ಹಿಡಿದರೆ, ಅದರ ಮೇಲಿನ ಜಿಎಸ್‌ಟಿಯೂ ಸೇರಿ 7,080ಕ್ಕೆ ಸುಮಾರು 167 ರೂಪಾಯಿ ಹೋಗುತ್ತದೆ. ಗೇಟ್‌ವೇ ಖಾತೆಗೆ ಹಾಕಿದ ಅರ್ಜಿ ಸಿಕ್ಕಿಹಾಕಿಕೊಳ್ಳೋದು ಬೇರೆ ಕಡೆ. ಪ್ಯಾನ್, ಬ್ಯಾಂಕ್ ಖಾತೆ ಎಲ್ಲ ಸರಿಯಿದ್ದರೂ, ಸೈಟ್‌ನಲ್ಲಿ ರೀಫಂಡ್ ನಿಯಮ, ಪ್ರೈವಸಿ ಪಾಲಿಸಿ, ವಿಳಾಸ ಇಲ್ಲ ಅಂತ ವಾಪಸ್ ಬರುತ್ತದೆ. ಆ ನಿಯಮಗಳನ್ನು ಬೇರೆ ಸೈಟ್‌ನಿಂದ ಕಾಪಿ ಹೊಡೆದು, ಅದರಲ್ಲಿ ಆ ಸೈಟ್‌ನವರ ಹೆಸರನ್ನೇ ಹಾಗೇ ಉಳಿಸಿಕೊಂಡವರೂ ಇದ್ದಾರೆ. ಕೀ ಕೊಟ್ಟ ಮೇಲೆ ದುಡ್ಡು ವಾಪಸ್ ಕೊಡ್ತೀರಾ ಇಲ್ವಾ? ಅದನ್ನು ನೀವೇ ಕೂತು ತೀರ್ಮಾನಿಸಬೇಕು.

ಈಗ ಆ ಎರಡು ನಿಮಿಷಕ್ಕೆ ಬರೋಣ. ಮಂಡಿಯವರೊಬ್ಬರು ಮೊಬೈಲ್‌ನಲ್ಲಿ ನಿಮ್ಮ ಸೈಟ್ ತೆರೆದು, ಯುಪಿಐ ಆರಿಸಿ, ಫೋನ್‌ಪೇಗೆ ಹೋಗಿ ಪಿನ್ ಹಾಕಿದರು. ದುಡ್ಡು ಹೋಯಿತು. ಅಷ್ಟರಲ್ಲಿ ಯಾರದೋ ಫೋನ್ ಬಂತು, ಬ್ರೌಸರ್‌ಗೆ ವಾಪಸ್ ಬರಲೇ ಇಲ್ಲ. ‘ಧನ್ಯವಾದ’ ಪುಟ ತೆರೆದಾಗ ಮಾತ್ರ ಕೀ ಕೊಡುವ ಹಾಗೆ ನೀವು ಮಾಡಿದ್ದರೆ ಅವರಿಗೆ ಕೀ ಸಿಗಲ್ಲ. ನಿಮ್ಮ ಪಟ್ಟಿಯಲ್ಲಿ ಆರ್ಡರ್ ಬಾಕಿ, ಅವರ ಖಾತೆಯಲ್ಲಿ 7,080 ಕಡಿಮೆ. ಸಂಜೆ ಫೋನ್ ಮಾಡಿ ಬೈತಾರೆ. ಬೈಯೋದರಲ್ಲಿ ತಪ್ಪೂ ಇಲ್ಲ.

ಹಾಗಾಗಿ ಕೀ ಕೊಡುವ ಕೆಲಸ ವೆಬ್‌ಹುಕ್‌ಗೆ ಸೇರಬೇಕು. ದುಡ್ಡು ಬಂತು ಅಂತ ಗೇಟ್‌ವೇ ಸರ್ವರ್ ನೇರವಾಗಿ ನಿಮ್ಮ ಸರ್ವರ್‌ಗೆ ಕಳಿಸುವ ಸುದ್ದಿ ಅದು. ಗಿರಾಕಿಯ ಬ್ರೌಸರ್ ಮುಚ್ಚಿದ್ದರೂ ಬರುತ್ತದೆ. ಆದರೆ ಅದು ಗೇಟ್‌ವೇಯಿಂದಲೇ ಬಂತಾ ಅಂತ ಅದರ ಜೊತೆ ಬರುವ ಡಿಜಿಟಲ್ ಸಹಿ ತಾಳೆ ನೋಡಬೇಕು, ಇಲ್ಲದಿದ್ದರೆ ವಿಳಾಸ ಗೊತ್ತಾದ ಯಾರು ಬೇಕಾದರೂ ಸುಳ್ಳು ಸುದ್ದಿ ಕಳಿಸಿ ಕೀ ಹೊಡೀಬಹುದು. ಒಂದೇ ಸುದ್ದಿ ಎರಡು ಸಲ ಬರೋದೂ ಉಂಟು. ಒಂದು ಆರ್ಡರ್‌ಗೆ ಒಂದೇ ಕೀ ಹೋಗುವ ಹಾಗೆ ಬರೆಯಿರಿ.

ಕೀ ಇಮೇಲ್‌ಗೆ ಮಾತ್ರ ಹೋದರೆ ಸ್ಪ್ಯಾಮ್‌ನಲ್ಲಿ ಬೀಳಬಹುದು. ಪುಟದಲ್ಲೂ ತೋರಿಸಿ, ಎಸ್‌ಎಂಎಸ್ಸೂ ಕಳಿಸಿ.

ಬಿಲ್ಲೂ ಆಗಲೇ ಹೋಗಬೇಕು. ಕೊಳ್ಳುವವರು ವ್ಯಾಪಾರಸ್ಥರು, ಅವರಿಗೆ ಕಟ್ಟಿದ ತೆರಿಗೆಯ ಕ್ರೆಡಿಟ್ ಬೇಕು. ಹಾಗಾಗಿ ಫಾರಂನಲ್ಲಿ ಜಿಎಸ್‌ಟಿ ನಂಬರ್ ಕೇಳಿ, ರಾಜ್ಯವನ್ನೂ ಕೇಳಿ. ಸಾಗರದವರಾದರೆ 540 ಕೇಂದ್ರ ತೆರಿಗೆ, 540 ರಾಜ್ಯ ತೆರಿಗೆ. ಕಾಸರಗೋಡಿನವರಾದರೆ ಬೇರೆ ರಾಜ್ಯ, ಪೂರ್ತಿ 1,080 ಐಜಿಎಸ್‌ಟಿ, ಅಂದರೆ ಅಂತರರಾಜ್ಯ ಮಾರಾಟದ ಜಿಎಸ್‌ಟಿ. ಕೇಳದೆ ಬಿಟ್ಟರೆ ಒಬ್ಬೊಬ್ಬರಿಗೂ ಫೋನ್ ಮಾಡಿ ಬಿಲ್ ತಿದ್ದುತ್ತಾ ಕೂರಬೇಕು, ಆಮೇಲೆ ನಿಮ್ಮ ಅಕೌಂಟೆಂಟ್ ನನಗೆ ಫೋನ್ ಮಾಡ್ತಾರೆ.

ಇಷ್ಟಾದರೂ ಡೌನ್‌ಲೋಡ್ ಮಾಡಿದ ಫೈಲ್ ತೆರೆದಾಗ ವಿಂಡೋಸ್ ನೀಲಿ ಪೆಟ್ಟಿಗೆ ತೋರಿಸಿ ಹೆದರಿಸಬಹುದು. ಹೊಸ ಗಿರಾಕಿ ಅಲ್ಲೇ ನಿಲ್ಲುತ್ತಾನೆ. ಇದಕ್ಕೆ ಕೋಡ್ ಸೈನಿಂಗ್ ಸರ್ಟಿಫಿಕೇಟ್ ಬೇಕು, ಅಂದರೆ ಫೈಲ್ ನಿಮ್ಮದೇ ಅಂತ ಡಿಜಿಟಲ್ ಸಹಿ ಹಾಕಲು ಬೇಕಾದ ಪ್ರಮಾಣಪತ್ರ. ಅದನ್ನು ಕೊಂಡ ತಕ್ಷಣ ಎಚ್ಚರಿಕೆ ಮಾಯವಾಗಲ್ಲ, ಆದರೆ ‘ಅಪರಿಚಿತ ಪ್ರಕಾಶಕ’ ಅನ್ನೋ ಬದಲು ನಿಮ್ಮ ಕಂಪನಿಯ ಹೆಸರಾದರೂ ಕಾಣುತ್ತದೆ. 2023ರ ಜೂನ್‌ನಿಂದ ಆ ಸಹಿ ಹಾಕುವ ಗುಪ್ತ ಕೀಲಿಯನ್ನು ಯುಎಸ್‌ಬಿ ಟೋಕನ್‌ನಂಥ ಹಾರ್ಡ್‌ವೇರ್‌ನಲ್ಲೇ ಇಡಬೇಕು. ಅದಕ್ಕೂ ಬಜೆಟ್ ಇಟ್ಟುಕೊಳ್ಳಿ.

ವರ್ಷದ ನವೀಕರಣಕ್ಕೆ ಆಟೊಪೇ, ಅಂದರೆ ಗಿರಾಕಿಯ ಖಾತೆಯಿಂದ ತಾನಾಗೇ ದುಡ್ಡು ಕಡಿತ, ಬೇಕಾ ಅಂತಲೂ ಕೇಳ್ತಾರೆ. ನನ್ನ ಮಟ್ಟಿಗೆ ಬೇಡ. ದುಡ್ಡು ಕಡಿತವಾಗುವ 24 ಗಂಟೆ ಮೊದಲು ಗಿರಾಕಿಗೆ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮವಿದೆ, ಆ ಸಂದೇಶ ನೋಡಿ ಗಾಬರಿಯಾಗಿ ರದ್ದು ಮಾಡುವವರೂ ಇದ್ದಾರೆ. ಸುಮ್ನೆ ಅವಧಿ ಮುಗಿಯುವ ಮೊದಲು ಒಂದು ಲಿಂಕ್ ಕಳಿಸಿ.

ಹೊರದೇಶಕ್ಕೆ ಮಾರುವವರ ಕಥೆ ಬೇರೆ. ಯೂರೋಪ್‌ನ ಸಾಮಾನ್ಯ ಗಿರಾಕಿಗೆ ಮಾರಿದರೆ ಮೊದಲ ಮಾರಾಟಕ್ಕೇ ಅಲ್ಲಿನ ಮಾರಾಟ ತೆರಿಗೆಯಾದ ವ್ಯಾಟ್ ಲೆಕ್ಕ ಬರುತ್ತದೆ. ಅಂಥವರು ಪ್ಯಾಡಲ್, ಫಾಸ್ಟ್‌ಸ್ಪ್ರಿಂಗ್ ಥರದವರ ಮೂಲಕ ಮಾರಲಿ. ಕಾಗದದ ಮೇಲೆ ಮಾರುವವರು ಅವರೇ, ತೆರಿಗೆ ಕಟ್ಟೋದೂ ಅವರೇ. ಕಮಿಷನ್ ಜಾಸ್ತಿ, ತಲೆನೋವು ಕಡಿಮೆ.

ಹಾಗಾದರೆ ಎಷ್ಟಾಗುತ್ತೆ? ಸದ್ಯಕ್ಕೆ ನನಗೇನೂ ಕೊಡಬೇಡಿ. ಗೇಟ್‌ವೇಯವರೇ ಕೊಡುವ ಪೇಮೆಂಟ್ ಪೇಜ್ ತೆರೆದು, ಜಿಎಸ್‌ಟಿ ನಂಬರ್ ಮತ್ತು ರಾಜ್ಯದ ಕಾಲಂ ಸೇರಿಸಿ, ಅದರ ಲಿಂಕನ್ನು ಬೆಲೆಯ ಪಕ್ಕ ಹಾಕಿ. ‘ಕೆಲಸದ ದಿನ ಎರಡು ಗಂಟೆಯೊಳಗೆ ಕೀ ಬರುತ್ತದೆ’ ಅಂತ ದೊಡ್ಡದಾಗಿ ಬರೆದು, ಕೀಯನ್ನು ಈಗಿನ ಹಾಗೇ ಕೈಯಿಂದ ಕಳಿಸಿ. ಭಾನುವಾರವೂ ಆರ್ಡರ್ ಬರಲು ಶುರುವಾದರೆ ಆಗ ಬನ್ನಿ, ವೆಬ್‌ಹುಕ್ ಬರೆಯೋಣ.